ಏಳು ಸೆಕೆಂಡು, ಸದ್ದಿಲ್ಲದೆ

ನನ್ನ ಕೆಲಸ ಸದ್ದು ಮಾಡುವುದು.
ಮೂಳೆ ಮುರಿಯಬೇಕೆ, ಸೆಲರಿ ದಂಟು.
ಹಿಮದ ಮೇಲಿನ ಹೆಜ್ಜೆಗೆ
ಕಾಲುಚೀಲದಲ್ಲಿ ತುಂಬಿದ ಜೋಳದ ಹಿಟ್ಟು.
ಗುಂಡಿಗೆ ಮಾತ್ರ ಗುಂಡೇ ಬೇಕು;
ಪೆಟ್ಟಿಗೆಯಲ್ಲಿ ನಲವತ್ತು ಬಗೆ, ನಂಬರು ಹಚ್ಚಿ ಇಟ್ಟಿದ್ದೇನೆ.

ನಿವೆಸ್ ತಂದು ಕೊಟ್ಟದ್ದು ಹಳೆಯ ಸುದ್ದಿಯ ತುಣುಕು:
ತೊರಿನೊ, ಜನವರಿ, ಏಳೂವರೆಯ ಮಂಜು,
ಬಿಳಿ ಹೊದಿಕೆ, ಹೊದಿಕೆಯಾಚೆ ಒಂದು ಬೂಟು,
ಹಿಂದೆ ನಿಂತುಬಿಟ್ಟ ಟ್ರಾಮು,
ಗಾಜಿಗೆ ಮೂಗು ಒತ್ತಿದ ಮುಖಗಳು.
ಏಳು ಸೆಕೆಂಡು. ಸದ್ದಿನ ಪಟ್ಟಿ ಎಂದೋ ಕಳೆದಿದೆ.
'ಇಷ್ಟು ನಿಜ,' ಅಂದಳು ನಿವೆಸ್,
'ಹಿಂದುಮುಂದನ್ನು ನಟರು ತುಂಬುತ್ತಾರೆ.
ಹೊಲಿಗೆ ಕಾಣಬಾರದು.'

ಹಾಗಾಗಿ ಕಿವಿ ಹೊತ್ತು ಮನೆಮನೆ ಅಲೆದೆ.

ನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ
ಯೊಲಾಂಡಾ ಬಾಸಿನ್ಯಾನಾ, ಎಂಬತ್ತೆರಡು.
'ಪಿಸ್ತೂಲೆ? ನನಗದು ಪಿಸ್ತೂಲು ಅನಿಸಲೇ ಇಲ್ಲ.
ಕೆಳಗಿನ ಕ್ಷೌರಿಕ ಷಟರ್ ಎತ್ತಿದ ಅಂದುಕೊಂಡೆ,
ಇಷ್ಟು ಬೇಗ ಯಾಕೆ ಸಾಯ್ತಾನೆ ಅಂತ ಬೈದೆ.
ಅಷ್ಟರಲ್ಲಿ ಹಾಲು ಉಕ್ಕಿತು.
ಮೊದಲು ಒಲೆ ಒರೆಸಿದೆ.
ಆಮೇಲೆ ಕಿಟಕಿಗೆ ಹೋದೆ.
ಇದನ್ನು ಸಿನಿಮಾದಲ್ಲಿ ಹಾಕಬೇಡಿ.'

ಅವಳ ಗಂಡ ಎತ್ತೊರೆ ಕೋರ್ಟಿನ ಗುಮಾಸ್ತ.
ಮಾಡಿದ ತಪ್ಪು ಇಷ್ಟೇ:
ಜ್ಯೂರಿಯ ಪಟ್ಟಿಯನ್ನು ಚೊಕ್ಕವಾಗಿ ಬೆರಳಚ್ಚು ಮಾಡಿದ್ದು.

ಹೊಡೆದವನೂ ಸಿಕ್ಕಿದ. ಸಿಲ್ವಾನೊ.
ಇಪ್ಪತ್ತೊಂದು ವರ್ಷ ಕಂಬಿ ಎಣಿಸಿ
ಈಗ ಸೈಕಲ್ಲಿನ ಕಡ್ಡಿ ಎಣಿಸುತ್ತಾನೆ ನದಿಯಾಚೆ.
ಚಕ್ರ ತಿರುಗಿಸುತ್ತಲೇ ಹೇಳಿದ:
'ಗುಂಡು ನನಗೆ ಕೇಳಲಿಲ್ಲ.
ಹಿಂದಿನ ರಾತ್ರಿಯ ಟೈಪ್‌ರೈಟರು ಇನ್ನೂ ಕೇಳುತ್ತದೆ.
ನಾಲ್ಕು ಪುಟದ ಹೇಳಿಕೆ. ಅವನ ಹೆಸರಿನಲ್ಲೊಂದು ಅಕ್ಷರ ತಪ್ಪಿತ್ತು,
ಗೊತ್ತಾದರೂ ತಿದ್ದಲಿಲ್ಲ; ಹೊತ್ತಾಗಿತ್ತು.
ಜನರ ಹೆಸರಿನಲ್ಲಿ ಹೊಡೆದೆವು.
ಜನ ಟ್ರಾಮಿನಲ್ಲಿದ್ದರು.'
ಕ್ಯಾಮೆರಾ ಮುಂದೆ ಕೂರುತ್ತೀಯಾ ಅಂದರೆ
ಒಲ್ಲೆ ಅಂದ. ಪಂಪಿನ ಹಣ ಮಾತ್ರ ತೆಗೆದುಕೊಂಡ,
ನಾನು ಪಂಪು ಕೊಂಡಿದ್ದೆ, ಯಾಕೋ.

ಚಿತ್ರೀಕರಣ ಅದೇ ಬೀದಿ, ಅದೇ ತಿಂಗಳು.
ಮಂಜು ಬರಲಿಲ್ಲ; ಯಂತ್ರದಿಂದ ಊದಿಸಿದರು.
ಎತ್ತೊರೆಯಾಗಿ ಮಲಗಿದವನು ಕೊರಾದೊ,
ನಾಟಕ ಕಂಪನಿಯ ಹುಡುಗ, ಇನ್ನೂ ಮೀಸೆ ಸರಿಯಾಗಿ ಅಂಟಿಲ್ಲ.
ಯೊಲಾಂಡಾಗೆ ಕುರ್ಚಿ, ಕಂಬಳಿ, ಬಿಸಿ ಕಾಫಿ.
ನಿವೆಸ್ ಬೇಡವೆಂದಿದ್ದಳು; ಮುದುಕಿ ಬಂದೇ ಬಂದಳು.

ಮೊದಲ ಟೇಕು: ಹೊದಿಕೆ ಹಾರಿತು.
ಎರಡನೆಯದು: ನೀಲಿ ಜರ್ಕಿನ್ನಿನವನೊಬ್ಬ ನಾಯಿ ಹಿಡಿದು ನಡುವೆ ಬಂದ.
ಮೂರರಲ್ಲಿ ಎಲ್ಲವೂ ಕೂಡಿಬಂತು,
ರಕ್ತ, ಬೂಟು, ಟ್ರಾಮು, ಬೆಳಕು,
ನಿವೆಸ್ ಉಸಿರು ಬಿಗಿಹಿಡಿದು ಎಣಿಸುತ್ತಿದ್ದಾಳೆ, ಐದು, ಆರು,
ಹೊದಿಕೆಯೊಳಗಿಂದ ಹೆಣ ಸೀನಿತು.

ಯಾರೂ ಅಲುಗಲಿಲ್ಲ.
'ಸಲೂತೆ!' ಅಂದಳು ಯೊಲಾಂಡಾ,
ಆರೋಗ್ಯ ಅಂತ, ಮನೆಯಲ್ಲಿ ಅನ್ನುವ ಹಾಗೆ, ತಿರುಗಿಯೂ ನೋಡದೆ.
ಅಂದಮೇಲೆ ಬಾಯಿಯ ಮೇಲೆ ಕೈ.
ಇನ್ನೊಂದು ಸೀನು.
'ಅವನೂ ಹೀಗೇ, ಯಾವತ್ತೂ ಎರಡು,' ಎನ್ನುತ್ತ
ತನ್ನ ಮಫ್ಲರು ಬಿಚ್ಚಿಕೊಂಡು ಹೋಗಿ
ಸತ್ತವನ ಕತ್ತಿಗೆ ಸುತ್ತಿದಳು. ಬಣ್ಣದ ರಕ್ತ
ಉಣ್ಣೆಗೆ ಮೆತ್ತಿತು. ಉಡುಪಿನವಳು ಗೊಣಗಿದಳು.
ನನ್ನ ಯಂತ್ರ ಓಡುತ್ತಲೇ ಇತ್ತು.

ಸಿನಿಮಾಕ್ಕೆ ಕೊನೆಗೆ ಹೋದದ್ದು
ಪೆಟ್ಟಿಗೆಯ ಹದಿನೇಳನೆಯ ಗುಂಡು.
ಷಟರ್ ಹಾಕಿ ನೋಡಿದೆ, ಟೈಪ್‌ರೈಟರು ಹಾಕಿದೆ,
'ಜನಕ್ಕೆ ಅರ್ಥವಾಗಲ್ಲ,' ಅಂದಳು ನಿವೆಸ್. ಇದ್ದರೂ ಇರಬಹುದು.
ಮೊದಲ ಪ್ರದರ್ಶನದಲ್ಲಿ ಇಡೀ ಸಭೆ
ಬೆಚ್ಚಬೇಕಾದ ಕಡೆ ಬೆಚ್ಚಿತು.
ಹೊಲಿಗೆ ಕಾಣಲಿಲ್ಲ.

ಯೊಲಾಂಡಾ ನನ್ನ ಕಡೆ ವಾಲಿ
ಪಿಸುಗುಟ್ಟಿದಳು: 'ಸೀನು ಎಲ್ಲಿ?'
'ಇದೆ,' ಅಂದೆ, 'ಪೆಟ್ಟಿಗೆಯಲ್ಲಿ. ನಲವತ್ತೊಂದನೆಯದು,
ಗುಂಡುಗಳ ಪಕ್ಕದಲ್ಲೇ ಇಟ್ಟಿದ್ದೇನೆ.'

ಪರದೆಯ ಬೆಳಕಿನಲ್ಲಿ ಸ್ವಲ್ಪ ಹೊತ್ತು ಯೋಚಿಸಿದಳು.
'ಅಲ್ಲಿ ಬೇಡ,' ಅಂದಳು. 'ಬೇರೆ ಕಡೆ ಇಡು.'