ಇನ್ನೂರ ಹದಿನಾಲ್ಕು ಗಂಟು

ಯಂಗ್ಸ್‌ಟೌನಿನ ಸೇತುವೆ ದಾಟಿದರೆ ಎಡಕ್ಕೆ
ಡ್ರೈಕ್ಲೀನಿಂಗ್ ಅಂಗಡಿ, ನನಗೆ ಅಲ್ಲಿ ಕೆಲಸ.
ಸಂಬಳ ಶುಕ್ರವಾರ. ತಂತಿಯ ಹ್ಯಾಂಗರು ಯಾವತ್ತೂ ಪುಕ್ಕಟೆ:
ಡೊಂಕಾದದ್ದು, ತುಕ್ಕು ಹಿಡಿದದ್ದು,
ಯಾರದೋ ಮದುವೆಯ ಕೋಟು ಹೊತ್ತು ಭುಜ ಬಿದ್ದದ್ದು.
ಅಂಥದೊಂದನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಓಪಲ್ ಕೇಳಿದ್ದು ಅಂಗಡಿಯ ಗಾಜಿನೊಳಗಿನದು.
ನಲವತ್ತೆರಡು ಡಾಲರು,
ಗುಂಡಿ ಒತ್ತಿದರೆ ಕೆಂಪು ಕಣ್ಣು ಬಿಟ್ಟು ನಗುತ್ತದೆ.
ಎಂಟು ವರ್ಷದವಳಿಗೆ 'ಆಗಲ್ಲ' ಅನ್ನಲು
ನೂರು ದಾರಿ. ನನಗೆ ಹೊಳೆದದ್ದು ಇಷ್ಟು:
"ಅದಕ್ಕೆ ಬ್ಯಾಟರಿ ಬೇಕು ಕಣೇ. ನಮ್ಮದು ಸುಮ್ಮನಿದ್ದೇ ಹೆದರಿಸುತ್ತೆ."

ಕೊಕ್ಕೆ ಹಿಡಿದು ನಾನು ಜಗ್ಗಿದೆ,
ಅಡ್ಡತಂತಿ ಹಿಡಿದು ಅವಳು.
ತ್ರಿಕೋನ ಹಟ ಮಾಡಿತು, ಆಮೇಲೆ ಸಡಿಲಿತು,
ಸಿಂಬಿಯ ಹಾಗೆ ಗುಂಡಗಾಯಿತು.
ಪೂರ್ತಿ ಅಲ್ಲ, ಒಂದು ಕಡೆ ಸೊಟ್ಟ.
ಇರಲಿ. ಚಂದ್ರ ತಾನೇ ದಿನಾ ಗುಂಡಗಿರುತ್ತಾನೆಯೇ?

ಕಸದ ಕಪ್ಪು ಚೀಲ, ಹತ್ತಕ್ಕೆ ಒಂದೂಕಾಲು ಡಾಲರು.
ಮೂರು ಸಾಕಾಯಿತು, ಉಳಿದ ಏಳು ಕಸಕ್ಕೇ.
ಗೇಣುದ್ದ, ಎರಡು ಬೆರಳಗಲ,
ಪಟ್ಟಿ ಪಟ್ಟಿ ಕತ್ತರಿಸಿ ತಂತಿಗೆ ಒಂದೊಂದೇ ಗಂಟು.
ಗಂಟು ಅಂತ ಒಂದೂ ಇಲ್ಲದ ಮನೆಯಲ್ಲಿ
ಎಷ್ಟೊಂದು ಗಂಟು!
ಓಪಲ್ ಜೋರಾಗಿ ಎಣಿಸುತ್ತಾಳೆ,
ನೂರ ಹದಿನೆಂಟಕ್ಕೆ ತಪ್ಪುತ್ತಾಳೆ,
ಮತ್ತೆ ಮೊದಲಿನಿಂದ.

ಮೊಟ್ಟೆಯ ರಟ್ಟಿನಲ್ಲಿ ಮೂರು ಗುಳಿ ಸೇರಿದರೆ ಒಂದು ಬಾವಲಿ:
ನಡುವಿನದು ಹೊಟ್ಟೆ, ಅಕ್ಕಪಕ್ಕದ್ದು ರೆಕ್ಕೆ.
ಕಪ್ಪು ಬಣ್ಣ ಇರಲಿಲ್ಲ,
ಶೂ ಪಾಲಿಶಿನ ಡಬ್ಬಿಯ ತಳ ಕೆರೆದೆವು.
ಹಾಗಾಗಿ ನಮ್ಮ ಬಾವಲಿಗಳಿಗೆ
ಭಾನುವಾರದ ಬೂಟಿನ ವಾಸನೆ.

ಮೇಲ್ಮನೆಯ ಕಾನ್ಸೆಟಾ ಸಿಗರೇಟು ಸೇದಲು ಇಳಿದವಳು
ನೋಡಿದಳು, ಕೆಮ್ಮಿದಳು,
ಮೆಟ್ಟಿಲು ಹತ್ತಿ ಹೋಗಿ ತಂದಳು
ಕಿತ್ತಳೆ ಉಣ್ಣೆಯ ಅರ್ಧ ಉಂಡೆ.
"ಮೊಮ್ಮಗನಿಗೆ ಸ್ವೆಟರ್ ಅಂತ ಶುರು ಮಾಡಿದ್ದೆ.
ಅವನೀಗ ಸೈನ್ಯದಲ್ಲಿ. ಬಟ್ಟೆ ಅವರೇ ಕೊಡ್ತಾರೆ."

ಮೊಳೆ ಹೊಡೆಯಬೇಕಾಗಲಿಲ್ಲ ಬಾಗಿಲಿಗೆ.
ಹಿಂದಿನ ಬಾಡಿಗೆಯವರದು ಒಂದಿತ್ತು,
ಏನು ತೂಗುಹಾಕಿದ್ದರೋ,
ಏನು ಇಳಿಸಿಕೊಂಡು ಹೋದರೋ.

ಗುರುವಾರ ಸಂಜೆ ಬಂದರೆ ಹಳದಿ ಕಾಗದ.
ಪ್ರತಿ ಸಲ ಎದೆಮಟ್ಟಕ್ಕೆ ಅಂಟಿಸುತ್ತಾನೆ ಹ್ರಿಂಕೊ,
ಬೀದಿಗೆಲ್ಲ ಕಾಣುವ ಹಾಗೆ. ಅವನ ಕೆಲಸ ಅದು,
ಮನೆ ಅವನದೇನಲ್ಲ.
ಈ ಸಲ ಎದೆಮಟ್ಟದಲ್ಲಿ ಜಾಗ ಇರಲಿಲ್ಲ.
ಮಂಡಿ ಊರಿರಬೇಕು ಆ ದಪ್ಪ ಮನುಷ್ಯ,
ಬಾಗಿಲ ಬುಡದಲ್ಲಿ, ಬರಹ ಒಳಗಾಗುವಂತೆ ಮಡಚಿ,
ಒಂದೇ ತುಂಡು ಟೇಪು.
ಮೇಲೆ ಬಾವಲಿಯ ಒಂದು ರೆಕ್ಕೆಯೂ ಮಡಚಿರಲಿಲ್ಲ.

ಓದಿದೆ. ಮುನ್ನೂರ ಹನ್ನೆರಡು ಡಾಲರು,
ಬರುವ ತಿಂಗಳ ಹನ್ನೆರಡನೆಯ ತಾರೀಕು.
ಫ್ರಿಜ್ಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ.
ಬರುವಷ್ಟರಲ್ಲಿ ಕತ್ತರಿಯ ಸದ್ದು.
"ಹಳದಿ ನಮ್ಮ ಹತ್ತಿರ ಇರಲೇ ಇಲ್ಲ ನೋಡಮ್ಮಾ."

ಬೈಯಲು ತೆರೆದ ಬಾಯಿ ತೆರೆದೇ ಉಳಿಯಿತು.
ಚಂದ್ರ ನಿಜಕ್ಕೂ ಗುಂಡಗಿದ್ದ,
ಸೂಪಿನ ಬಟ್ಟಲು ಬೋರಲಿಟ್ಟು ಗೆರೆ ಎಳೆದಿದ್ದಳು.
ಹೊಟ್ಟೆಯಲ್ಲಿ ಅಚ್ಚಾದ ಮುನ್ನೂರ ಹನ್ನೆರಡು.

ಮೂವತ್ತೊಂದರ ರಾತ್ರಿ ಹಾಸಿಗೆಹೊದಿಕೆ ಹೊದ್ದ ಹುಡುಗನೊಬ್ಬ
ಟಾರ್ಚು ಬಿಟ್ಟು ಕೇಳಿದ, "ಚಂದ್ರನ ಮೇಲೆ ಏನೋ ಬರೆದಿದೆಯಲ್ಲ?"
"ಅದು ದೆವ್ವದ ಲೆಕ್ಕ," ಅಂದಳು ಓಪಲ್,
"ಓದಬೇಡ, ಮಿಠಾಯಿ ತಗೋ."
ಒಬ್ಬರಿಗೆ ಎರಡೆರಡು ಕೊಟ್ಟೆವು,
ಒಂಬತ್ತೂವರೆಗೆ ಖಾಲಿ.

ಉಳಿದ ಕಾಗದ ಡ್ರಾಯರಿನಲ್ಲಿದೆ, ನಡುವೆ ತೂತು.
ಮಲಗುವ ಮುಂಚೆ ಬಾಗಿಲು ತೆರೆದು ಅವಳು ಮತ್ತೆ ಎಣಿಸಿದಳು,
ಚಳಿಗಾಳಿ ಒಳಗೆ ಬರುತ್ತಿತ್ತು, ನಾನು ತಡೆಯಲಿಲ್ಲ.
ಇನ್ನೂರ ಹದಿನಾಲ್ಕು.
ಒಂದೂ ಬಿಚ್ಚಿಲ್ಲ ಅಂತೆ.