ಔಟ್‌ಟರ್ನ್

ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ
ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ, ಬೇಕಾದರೆ ಅಳಿಸಲು ಬರಲೆಂದು:
ಫೀಸು, ಎರಡು ವರ್ಷಕ್ಕೆ, ಇಪ್ಪತ್ತಮೂರು ಸಾವಿರದ ಆರುನೂರು.
ಸಿದ್ದಾಪುರದಿಂದ ವಿರಾಜಪೇಟೆಗೆ ಶನಿವಾರ ಭಾನುವಾರದ ಖಾಸಗಿ ಬಸ್ಸು,
ಅದನ್ನು ಕೂಡಿಸುತ್ತಾ ಕೂಡಿಸುತ್ತಾ ಅಮ್ಮತ್ತಿಯ ಹತ್ತಿರ ಕೈಬಿಟ್ಟೆ.
ಬಳೆ ಒಂದು. ಹದಿನಾಲ್ಕು ಗ್ರಾಂ. ಸೊಸೈಟಿಯ ಕಪಾಟಿನಲ್ಲಿದೆ.

ಹದಿನೇಳು ಜನ ಸೇರಿದ್ದೆವು, ಮುಗಿಸಿದ್ದು ಒಂಬತ್ತು.
ಅಂಗನವಾಡಿಯ ದಮಯಂತಿಗೆ ಬಡ್ತಿಯ ಆಸೆ,
ಫೌಸಿಯಾಗೆ ಗಂಡನ ಮೌನದ ಕಾರಣ ಬೇಕಿತ್ತು,
ನನಗೆ, ಬೆನ್ನಿರುವ ಒಂದು ಕುರ್ಚಿ.

ಬಂದದ್ದು:
ಮನಶ್ಶಾಸ್ತ್ರದ ಡಿಪ್ಲೊಮಾ, ಸಮುದಾಯ ಕಾಲೇಜಿನ ಮುದ್ರೆ,
ತಂಗಮಣಿ ಎಂಬಲ್ಲಿ ತಂಗಮನಿ ಎಂದು ಅಚ್ಚಾಗಿ.
ತಿದ್ದಿಸಲು ಇನ್ನೂರೈವತ್ತು ಬೇರೆ.

ಮಡಿಕೇರಿಯ ಶಾಲೆಯವರು ಅದನ್ನು ಬೆಳಕಿಗೆ ಹಿಡಿದರು
ನೋಟಿನ ಗೆರೆ ಹುಡುಕುವವರ ಹಾಗೆ.
‘ಎಂ.ಎ. ಮಾಡಿಕೊಂಡು ಬಾಮ್ಮಾ, ಇದು ಅರ್ಧ ಮೆಟ್ಟಿಲು.’
ಕುಶಾಲನಗರದ ರೆಸಾರ್ಟಿನವರು ನಗಲು ಬರುತ್ತದಾ ಎಂದು ಕೇಳಿದರು.
ಬರುತ್ತದೆ. ಅದಕ್ಕೆ ಎರಡು ವರ್ಷ ಬೇಕಿರಲಿಲ್ಲ.

ಅಪ್ಪ ಮೂವತ್ತು ವರ್ಷ ಎಸ್ಟೇಟಿನ ಲಾರಿ ಓಡಿಸಿದವರು,
ಅವರಿಗೆ ಗೊತ್ತಿರುವ ತಕ್ಕಡಿ ಒಂದೇ:
‘ಐವತ್ತು ಕಿಲೋ ಚೆರಿ ಕುಟ್ಟಿದರೆ ಇಪ್ಪತ್ತಾರು ಬೀಜ ಬೀಳಬೇಕು.
ನಿನ್ನದರಲ್ಲಿ ಎಷ್ಟು ಬಿತ್ತು, ಮೋಳೇ?’

ಹಳೇ ಕೆಲಸಕ್ಕೇ ಬಂದೆ,
ಜೋಯಪ್ಪ ಸಾವುಕಾರರ ಕಾಫಿ ಗೋದಾಮಿಗೆ,
ತೇವಾಂಶದ ಮೀಟರಿನ ಹಿಂದಿನ ಅದೇ ಸ್ಟೂಲಿಗೆ.
ಮೊದಲ ವಾರ, ಏನೋ ಮಾತಿಗೆ, ಹೇಳಿಬಿಟ್ಟೆ:
‘ಆ ನೀಲಿ ಜೀಪಿನವರು ಎಷ್ಟು ಕೊಟ್ಟರೂ ಇವತ್ತೇ ಮಾರುತ್ತಾರೆ ಸಾರ್.
ದರದ ಹಲಗೆ ನೋಡಿದ್ದು ಒಂದೇ ಸಲ, ಗಡಿಯಾರ ನಾಲ್ಕು ಸಲ.’
ಮಾರಿದರು. ಚೀಲಕ್ಕೆ ಇನ್ನೂರು ಕಮ್ಮಿಗೆ.
ಸಾವುಕಾರರು ನನ್ನನ್ನು ಹೊಸದಾಗಿ ನೋಡಿದರು,
ಇಷ್ಟು ದಿನ ಪ್ಲಗ್ಗು ಹಾಕದೇ ಬಿಟ್ಟಿದ್ದ ಮೀಟರನ್ನು ನೋಡುವಂತೆ.

ಆಮೇಲೆ ಅದೇ ಕೆಲಸವಾಯಿತು.
ಯಾರ ಕಾಲ್ಬೆರಳು ಬಾಗಿಲ ಕಡೆಗೆ, ಯಾರು ಕೇಳದೇ ಕಾರಣ ಹೇಳುತ್ತಾರೆ,
ಯಾರ ನಗು ಕಣ್ಣಿನ ಕೆಳಗೇ ನಿಲ್ಲುತ್ತದೆ.
ಕಮ್ಮಿಗೆ ಕೊಡುವವರಾದರೆ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದೆ,
ಇಲ್ಲವಾದರೆ ಮುಚ್ಚುತ್ತಿದ್ದೆ.
ಜನವರಿಯಿಂದ ಸಂಬಳ ಸಾವಿರದ ಐನೂರು ಜಾಸ್ತಿ.
ಬಿತ್ತು ನೋಡು ಬೀಜ, ಅಂದರು ಅಪ್ಪ.
ನಾನೂ ಹಾಗೇ ಅಂದುಕೊಂಡೆ, ಸುಳ್ಳೇಕೆ,
ಸೊಸೈಟಿಗೆ ಎರಡು ಕಂತು ಕಟ್ಟಿದೆ, ಒಂದು ಜೊತೆ ಚಪ್ಪಲಿ ಕೊಂಡೆ.
ಸ್ಟೂಲಿಗೆ ಮಾತ್ರ ಬೆನ್ನು ಬರಲಿಲ್ಲ.

ಮಾರ್ಚಿನಲ್ಲಿ, ಹೂಮಳೆ ಬಿದ್ದು ಎಂಟನೇ ದಿನ,
ತೋಟಗಳೆಲ್ಲ ಬೆಳ್ಳಗಾಗಿ ಗೋದಾಮಿನೊಳಗೂ ಘಮ ನುಗ್ಗಿದ ಮಧ್ಯಾಹ್ನ,
ಚೊಂದಮ್ಮ ಅನ್ನುವವರು ಹನ್ನೊಂದು ಚೀಲ ತಂದರು.
ಬಾಡಿಗೆಯ ಪಿಕಪ್ಪು. ನೇರ ನಿಲುವು. ದರ ಕೇಳಿದ ಗಂಟಲು ಗಟ್ಟಿ.
ಪಾದ, ಕಣ್ಣು, ಉಸಿರು, ಪಾಠದಲ್ಲಿದ್ದದ್ದೆಲ್ಲ ನೆಟ್ಟಗಿತ್ತು,
ಕಾಯಬಲ್ಲವರು, ಎನ್ನುತ್ತಿತ್ತು ಪುಸ್ತಕ.
ಆದರೆ ಸ್ಯಾಂಪಲ್ ಬೀಜವನ್ನು ಅಂಗೈಗೆ ಸುರಿದುಕೊಳ್ಳುವಾಗ ಕಂಡೆ,
ಎಡಗೈ ಮಣಿಕಟ್ಟಿನ ಸುತ್ತ ಬಿಸಿಲು ತಾಗದ ಒಂದು ಗೆರೆ,
ಕಿರುಬೆರಳಿನಷ್ಟು ಅಗಲ.
ಅದು ಯಾವ ಸೆಮಿಸ್ಟರಿನಲ್ಲೂ ಇರಲಿಲ್ಲ.
ಅಂಥದ್ದೇ ಒಂದು ನನ್ನ ಚೂಡಿದಾರದ ತೋಳಿನೊಳಗಿತ್ತು.

ಸಾವುಕಾರರು ನನ್ನ ಕಡೆ ತಿರುಗಿದರು.
ಮುಚ್ಚಳ ಮುಚ್ಚಿದೆ. ಟಕ್ ಎಂದಿತು, ಬೇಕಾದ್ದಕ್ಕಿಂತ ಜೋರಾಗಿ.
ಅವರು ಕೆಮ್ಮಿ, ಚೀಲಕ್ಕೆ ನೂರೈವತ್ತು ಏರಿಸಿದರು.

ಹನ್ನೊಂದು ಚೀಲ, ಗುಣಿಸು ನೂರೈವತ್ತು,
ಸಾವಿರದ ಆರುನೂರೈವತ್ತು.
ಇದು ಡಿಪ್ಲೊಮಾದ ಗಳಿಕೆಯೋ,
ಸಾವುಕಾರರ ನಷ್ಟವೋ, ನನ್ನ ಕಳ್ಳತನವೋ,
ಯಾವ ಕಾಲಮಿಗೆ ಹಾಕುವುದೋ ತಿಳಿಯದೆ ಪೆನ್ಸಿಲು ಕಚ್ಚುತ್ತಿದ್ದೇನೆ.
ನೀಲಿ ಜೀಪಿನವರ ಚೀಲಗಳನ್ನು ಆವತ್ತು ನಾನು ಎಣಿಸಿರಲಿಲ್ಲ.
ಈಗ ಹಳೇ ಬಿಲ್ಲು ತೆಗೆದು ನೋಡಿದೆ.
ಮೂವತ್ತೆಂಟು.