ಸರಿ ಮಾಡಬೇಡಿ

ನಾನು ಅಕ್ಷರದಾಂವ.
ಹಾಲಿನ ಡೇರಿ, ಹಲ್ಲಿನ ದವಾಖಾನಿ, ಟ್ರ್ಯಾಲಿ ಹಿಂದಿನ ‘ನಿಧಾನ’,
ಫೂಟಿಗಿಷ್ಟು ಅಂತ ಲೆಕ್ಕ.
ಮಾರಿ ಬರದಾಂವಲ್ಲ.
ಅಬ್ಬಾ ಅಂತಿದ್ರು: ಅಕ್ಷರಕ್ಕ ಉಸಿರು ಬ್ಯಾಡ,
ಬರದ ಮಾರಿ ಉಸಿರು ಕೇಳತೈತಿ,
ಕೊಡಾಕ ಆಗಲಾರದ್ದನ್ನ ಮುಟ್ಟಬ್ಯಾಡ.
ಇಬ್ರಾಹಿಂ ರೋಜಾಕ್ಕ ಕರಕೊಂಡು ಹೋಗಿ
ಕಲ್ಲಿನ ಕಿಟಕಿ ತೋರಸ್ತಿದ್ರು,
ಬೆಳಕು ಬರೂ ಜಾಗಾ ಎಲ್ಲಾ ಅಕ್ಷರ.

ಸ್ಟೇಶನ್ ಆಚಿ ಸಣ್ಣ ಚರ್ಚಿನ ಫಾದರ್ ಸಿಕ್ವೇರಾ
ಕಡಲ ಕಡಿಯಾಂವ್ರು, ಪುಸ್ತಕ ಓದಿದಂಗ ಮಾತಾಡ್ತಾರ.
“ಗೋಡೆ ಖಾಲಿ ಇದೆ ದಸ್ತಗೀರ್, ಮೊದಲು ಒಂದು ಮೀನು ಬರೆಯಿರಿ.”
ಮೀನು ಯಾಕ್ರೀ?
ಹೆಸರು ಬಾಯಿಬಿಟ್ಟು ಹೇಳಿದ್ರ ತಲಿ ಹೋಗೂ ಕಾಲದಾಗ
ಅವರ ಭಾಷಾದ ಐದು ಅಕ್ಷರ, ಒಂದೊಂದಕ್ಕ ಒಂದು ಮಾತು,
ಕೂಡಿಸಿ ಓದಿದ್ರ ಮೀನಂತ.
ಅಕ್ಷರ ಈಜೂದು ಕೇಳಿ ನನ್ನ ಕುಂಚಕ್ಕ ಖುಷಿ.
ಎರಡು ಗೀಟಿನ್ಯಾಗ ಎಳದೆ. ಕಣ್ಣು ಇಡಲಿಲ್ಲ.

ಮರುದಿನ “ಲಂಗರು” ಅಂದ್ರು.
ನಮ್ಮೂರಾಗ ಲಂಗರ ಅಂದ್ರ ಉರುಸಿನ ಊಟ,
ದೊಡ್ಡ ಡೇಗಿನ್ಯಾಗ ಕುದಿಯೂ ಬ್ಯಾಳಿ,
ಯಾರು ಬಂದ್ರೂ ಒಂದು ಸೌಟು.
ಫಾದರ್ ನಕ್ಕು ಹಾಳಿ ಮ್ಯಾಲ ಗೀಚಿದ್ರು: ಕಬ್ಬಿಣದ ಕೊಕ್ಕಿ.
“ತೇಲಿ ಹೋಗದ ಹಾಗೆ ಹಿಡಿದುಕೊಳ್ಳುವುದು.”
ನಾನೂ ಅದನ್ನ ಹೇಳಿದ್ದಲ್ಲೇನ್ರೀ?

ಮೂರನೇದ್ದು ಕುರಿಮರಿ ಹೊತ್ತಾಂವ. ಗಡ್ಡ ಇಲ್ಲ, ಕಿರೀಟ ಇಲ್ಲ,
ಮೊದಮೊದಲು ಹಿಂಗ ಬರೀತಿದ್ರಂತ.
ಇದಕ್ಕ ಪಟ ಬೇಕಾಗಲಿಲ್ಲ.
ಸಿಂದಗಿ ನಾಕಾದಾಗ ಲಾರಿ ತರುಬಿ ರಸ್ತಾ ದಾಟಿದ ಕುರುಬರ ಹುಡುಗ,
ಹೆಗಲ ಮ್ಯಾಲ ಆವತ್ತ ಹುಟ್ಟಿದ್ದು,
ನಾಕೂ ಕಾಲು ಎದಿ ಮುಂದ ಕೂಡಿಸಿ ಹಿಡದಿದ್ದ.
ಅವನ್ನ ಹಿಂದಿನಿಂದ ಬರದೆ.
ಮರಿಯ ಮಾರಿ ಕಂಬಳಿ ಒಳಗ.
ನಾನೂ ಚಾಲಾಕಿ.

ಆಮ್ಯಾಲ ಆ ಪಟ.
ಮರಳುಗಾಡಿನ ಮಠದ್ದು, ಮೇಣ ಕಾಸಿ ಬರದದ್ದು,
ಸಾವಿರದ ನಾಕುನೂರು ವರ್ಷದಿಂದ ನೋಡಕೋತ ಕುಂತೈತಿ.
ಎಡಗೈಯಾಗ ಪುಸ್ತಕ, ತಲಿ ಹಿಂದ ಹೊನ್ನಿನ ಚಕ್ರ.
ಎತ್ತಿದ ಬಲಗೈ ಬೆರಳು ಮಡಚಿದ್ದೂ ಹೆಸರಿನ ಅಕ್ಷರ ಅಂತಾರಂತ,
ಅಂದ್ರ ಕೈನೂ ಒಂದು ಬೋರ್ಡು!
ಅದನ್ನೆಲ್ಲಾ ಎರಡು ದಿನದಾಗ ಮುಗಿಸಿದೆ.
ಮಾರಿ ಎಂಟು ದಿನ ಬರೇ ಸುಣ್ಣ.

ಒಂಬತ್ತನೇ ದಿನ ಖಡು ಹಿಡದು ಗೀಟು ಹಾಕೂ ಮುಂದ ಕಂಡಿದ್ದು:
ಬರದಾಂವ ತಪ್ಪ್ಯಾನ.
ಒಂದು ಕಣ್ಣು ತಣ್ಣಗ, ಇನ್ನೊಂದರ ಹುಬ್ಬು ಗಂಟು.
ತುಟಿ ಒಂದು ಕಡಿ ಮೆತ್ತಗ, ಒಂದು ಕಡಿ ಜೋತೈತಿ.
ದಾರ ಹಿಡದು, ಅಳತಿ ನೋಡಿ, ಎರಡೂ ಕಡಿ ಸಮ ಮಾಡಿದೆ,
ಬನಿಯನ್ ಜಾಹೀರಾತಿನ ಗಂಡಸಿನಂಗ.
ಫಾದರ್ ಬಂದು ಬಾಳೊತ್ತು ನಿಂತ್ರು.
“ಸರಿ ಮಾಡಬೇಡಿ.
ಅರ್ಧ ಕ್ಷಮಿಸುತ್ತದೆ, ಅರ್ಧ ಲೆಕ್ಕ ಕೇಳುತ್ತದೆ.
ಇಬ್ಬರಲ್ಲ, ಒಬ್ಬನೇ.”

ಆ ಮಾರಿ ನನಗ ಗುರುತಿತ್ತು.
ಅಮ್ಮಾಗ ಲಕ್ವಾ ಹೊಡದ ವರ್ಷ ಎಡಗಡಿ ಕಲ್ಲಾತು.
ಬಲಗಡಿ ನಕ್ರೂ ಎಡಗಡಿ ಸಿಟ್ಟಿಲೆ ನೋಡತಿತ್ತು.
ಗಂಜಿ ಕುಡಸೂ ಮುಂದ ನಾನು ಬಲಕ್ಕ ಕೂಡತಿದ್ದೆ.
ಎಡಕ್ಕ ಕೂಡಾಕಿ ತಂಗಿ ಮೈರೂನಾ,
ತುಟಿ ತುದಿಯಿಂದ ಇಳದದ್ದು ಒರಸಾಕಿ.
ಒಂದು ದಿನಾನೂ ನಾನು ಆ ಕಡಿ ಕೂಡಲಿಲ್ಲ.

ಖಡು ಒರಸಿ
ಎಡಗಡಿಯಿಂದ ಸುರು ಮಾಡಿದೆ.
ಅಬ್ಬಾ, ಇದು ಉಸಿರು ಕೇಳಿದ್ರ ನಾ ಏನು ಕೊಡಲಿ,
ಕೇಳಕೋತ ಕೇಳಕೋತ ಸಂಜೀತನಕ.

ಬಿಲ್ಲಿನಾಗ ಮೀನು, ಲಂಗರ, ಹುಡುಗ, ಕೈ,
ಎಲ್ಲಾ ಫೂಟಿನ ಲೆಕ್ಕ.
ಮಾರಿಗೆ ರೇಟು ಹಾಕಲಿಲ್ಲ.

ಐತವಾರ ಬಾಗಲದಾಗ ನಿಂತು ನೋಡಿದೆ.
ರೇಲ್ವೆ ಕ್ವಾರ್ಟರ್ಸಿನ ಸುವಾರ್ತಮ್ಮ, ಎಂಬತ್ತರ ಮುದುಕಿ,
ಎಲ್ಲಾರೂ ಹೋದ ಮ್ಯಾಲ ಗ್ವಾಡಿ ಹತ್ರ ಹೋಗಿ
ಸೆರಗಿನ ತುದಿ ಎತ್ತಿ
ಆ ಎಡತುಟಿಯ ಮೂಲಿ ಒರಸಿದ್ಳು.

ಬಣ್ಣ ಒಣಗಿ ನಾಕು ದಿನ ಆಗಿತ್ತು.